ಒಂದೇ ಅಜ್ಜಿಯನ್ನು ಇನ್ನೂರು ಸಲ ಬಿಡಿಸಿದೆ

ಒಂದು ವರ್ಷ ದಿನಾ ಚಿತ್ರ ಬಿಡಿಸಿದ ಮೇಲೆ, ನನ್ನ ಎರಡು ಸ್ಕೆಚ್ ಪುಸ್ತಕಗಳನ್ನು ನೆಲದ ಮೇಲೆ ಹರಡಿಕೊಂಡು ಮೊದಲ ಪುಟದಿಂದ ತಿರುವುತ್ತಾ ಹೋದೆ. ಎಷ್ಟು ಸುಧಾರಿಸಿದ್ದೇನೆ ಅಂತ ನೋಡುವ ಆಸೆ. ಕಂಡಿದ್ದೇ ಬೇರೆ. ಹೆಚ್ಚುಕಡಿಮೆ ಎಲ್ಲ ಮುಖಗಳೂ ಎಡಕ್ಕೇ ನೋಡುತ್ತಿದ್ದವು. ಎಲ್ಲವೂ ಮುಕ್ಕಾಲು ಭಾಗ ತಿರುಗಿದ ಮುಖಗಳು. ಕೈಗಳು ಬೆನ್ನ ಹಿಂದೆ, ಇಲ್ಲವೇ ಜೇಬಿನೊಳಗೆ. ಪಾದ ಬರುವ ಮೊದಲೇ ಕಾಗದ ಮುಗಿದಿತ್ತು. ಗೆರೆಗಳು ನಯವಾಗಿದ್ದವು, ಕಣ್ಣುಗಳು ಚೆನ್ನಾಗಿದ್ದವು. ಆದರೆ ಮುನ್ನೂರಕ್ಕೂ ಜಾಸ್ತಿ ಪುಟಗಳಲ್ಲಿ ನಾನು ಒಂದೇ ಚಿತ್ರವನ್ನು ಮತ್ತೆ ಮತ್ತೆ ಬಿಡಿಸಿದ್ದೆ.

ಇದಕ್ಕೆ ಕಾರಣ ಹುಡುಕುವುದು ಕಷ್ಟವಾಗಲಿಲ್ಲ. ನಾನು ಬಲಗೈಯವನು. ಮಣಿಕಟ್ಟು ಸಲೀಸಾಗಿ ತಿರುಗುವ ದಾರಿಯಲ್ಲೇ ಹಣೆ, ಮೂಗು, ಗದ್ದದ ಗೆರೆ ಬೀಳುತ್ತದೆ, ಹಾಗಾಗಿ ಮುಖ ಎಡಕ್ಕೆ ತಿರುಗುತ್ತದೆ. ಕೈ ಬಿಡಿಸೋಕೆ ಬರಲ್ಲ, ಅದಕ್ಕೆ ಜೇಬು. ದಿನಾ ಕೂರುತ್ತಿದ್ದೆ ನಿಜ, ಆದರೆ ದಿನಾ ಗೊತ್ತಿದ್ದದ್ದನ್ನೇ ಮಾಡಿ ಏಳುತ್ತಿದ್ದೆ.

ಆವತ್ತು ಒಂದು ತೀರ್ಮಾನ ಮಾಡಿದೆ. ದಿನಕ್ಕೊಂದು ಹೊಸ ಪಾತ್ರ ಬೇಡ. ಒಂದೇ ಪಾತ್ರ ಸಾಕು. ಆದರೆ ಪ್ರತಿದಿನ ಆ ಪಾತ್ರ ನಾನು ಇದುವರೆಗೆ ಬಿಡಿಸದ ಏನನ್ನಾದರೂ ಮಾಡುತ್ತಿರಬೇಕು.

ನಾನು ಆರಿಸಿಕೊಂಡದ್ದು ಗಡಿಯಾರ ರಿಪೇರಿ ಮಾಡುವ ಒಬ್ಬ ಅಜ್ಜಿಯನ್ನು. ದೊಡ್ಡ ಜೇಬಿನ ಏಪ್ರನ್, ತಲೆಯ ಮೇಲೆ ಕೂದಲಿನ ಗಂಟು, ಒಂದು ಕಣ್ಣಿಗೆ ಭೂತಗನ್ನಡಿ. ಅಜ್ಜಿಯೇ ಯಾಕೆ ಅಂದರೆ, ಚಂದದ ಮುಖಗಳ ಹಿಂದೆ ನಾನು ಅಡಗಿಕೊಳ್ಳುತ್ತಿದ್ದೆ. ವಯಸ್ಸಾದ ಮುಖದಲ್ಲಿ ಅದು ಆಗುವುದಿಲ್ಲ. ವಯಸ್ಸಾದ ಹಾಗೆ ಮೂಗು ಮತ್ತು ಕಿವಿ ಉದ್ದವಾಗುತ್ತವೆ. ಹಲ್ಲು ಬಿದ್ದರೆ ದವಡೆ ಕುಗ್ಗಿ ತುಟಿ ಒಳಕ್ಕೆ ಹೋಗುತ್ತದೆ, ಗದ್ದ ಮುಂದೆ ಬಂದ ಹಾಗೆ ಕಾಣುತ್ತದೆ. ಬೆನ್ನು ಬಾಗಿದಾಗ ಕುತ್ತಿಗೆ ಭುಜದ ಮೇಲೆ ನೇರವಾಗಿ ನಿಲ್ಲುವುದಿಲ್ಲ, ಮುಂದಕ್ಕೆ ಚಾಚಿಕೊಳ್ಳುತ್ತದೆ. ಸುಕ್ಕು ಹಾಕಿದರೆ ಮುದುಕಿ ಆಗುತ್ತಾಳೆ ಅಂದುಕೊಂಡು ಮೊದಲ ವಾರ ಬರೀ ಸುಕ್ಕು ಹಾಕಿದೆ. ಮುಖದ ಮೇಲೆ ಬಿರುಕು ಬಿಟ್ಟ ಹದಿನೆಂಟರ ಹುಡುಗಿ ಬಂದಳು, ಅಜ್ಜಿ ಬರಲಿಲ್ಲ. ಮೂಳೆ ಎಲ್ಲಿ ಕುಗ್ಗಿದೆ, ಭಾರ ಎಲ್ಲಿ ಜೋತುಬಿದ್ದಿದೆ ಅಂತ ಯೋಚಿಸಿದ ಮೇಲೆ ಆರೇ ಗೆರೆಯಲ್ಲಿ ಅಜ್ಜಿ ಬಂದಳು, ಅದೂ ಒಂದೂ ಸುಕ್ಕಿಲ್ಲದೆ.

ಅಳತೆಯ ವಿಷಯವೂ ಹಾಗೇ. ನಿಂತ ದೊಡ್ಡವರ ಎತ್ತರ ಅವರ ತಲೆಯ ಸುಮಾರು ಏಳೂವರೆ ಪಟ್ಟು ಅಂತ ಚಿತ್ರ ಕಲಿಯುವವರಿಗೆಲ್ಲ ಹೇಳಿಕೊಡುತ್ತಾರೆ. ಹುಟ್ಟಿದ ಮಗುವಿಗೆ ಸುಮಾರು ನಾಲ್ಕು. ನನ್ನ ಅಜ್ಜಿಯನ್ನು ಆರು ತಲೆಗೆ ನಿಲ್ಲಿಸಿದೆ, ಬಾಗಿದ ಬೆನ್ನಿಗೆ ಅದು ಸರಿಹೋಯಿತು. ತಲೆಯ ಒಳಗಿನ ಅಳತೆಯಲ್ಲಿ ನನ್ನ ದೊಡ್ಡ ತಪ್ಪು ಕಣ್ಣಿನ ಜಾಗದ್ದು. ಕಣ್ಣು ಇರುವುದು ತಲೆಯ ಎತ್ತರದ ಹೆಚ್ಚುಕಡಿಮೆ ಅರ್ಧದಲ್ಲಿ. ನಾನು ಯಾವಾಗಲೂ ಅದಕ್ಕಿಂತ ಮೇಲೆ ಇಡುತ್ತಿದ್ದೆ. ನಾವು ಮಾತಾಡುವಾಗ ನೋಡುವುದು ಕಣ್ಣು ಮತ್ತು ಬಾಯನ್ನು. ಹಣೆ, ನೆತ್ತಿ ಗಮನಕ್ಕೇ ಬರುವುದಿಲ್ಲ, ಹಾಗಾಗಿ ಕಾಗದದ ಮೇಲೆ ಅವು ಚಿಕ್ಕದಾಗುತ್ತವೆ. ನನ್ನ ಹಳೆಯ ಪಾತ್ರಗಳ ತಲೆಯೆಲ್ಲ ಮೇಲಿಂದ ಕತ್ತರಿಸಿದ ಹಾಗಿದ್ದದ್ದು ಇದೇ ಕಾರಣಕ್ಕೆ. ಈಗಲೂ ಮೊದಲು ನೆತ್ತಿ, ಗದ್ದ ಗುರುತು ಹಾಕಿ, ಮಧ್ಯಕ್ಕೊಂದು ತೆಳು ಗೆರೆ ಎಳೆದೇ ಮುಂದಕ್ಕೆ ಹೋಗುತ್ತೇನೆ.

ಇನ್ನು ಚಾಲೆಂಜ್‌ಗಳ ಮಾತು.

ಇಂಕ್ಟೋಬರ್ ಬಗ್ಗೆ ನಿಮಗೆ ಗೊತ್ತಿರಬಹುದು. ಜೇಕ್ ಪಾರ್ಕರ್ ಎಂಬ ಚಿತ್ರಕಾರ ತನ್ನ ಇಂಕಿನ ಕೆಲಸ ಸುಧಾರಿಸಿಕೊಳ್ಳಬೇಕು ಅಂತ 2009ರಲ್ಲಿ ಶುರುಮಾಡಿದ್ದು. ಅಕ್ಟೋಬರ್ ತಿಂಗಳ 31 ದಿನವೂ ದಿನಕ್ಕೊಂದು ಇಂಕಿನ ಚಿತ್ರ. ಬೇಕಾದವರಿಗೆ ದಿನಕ್ಕೊಂದು ಪದದ ಪಟ್ಟಿಯೂ ಇರುತ್ತದೆ. ನಾನು ಮೊದಲ ಸಲ ಸೇರಿದಾಗ ಒಂಬತ್ತನೇ ದಿನಕ್ಕೆ ನಿಂತುಹೋದೆ. ಮೊದಲ ಮೂರು ದಿನ ಮೂರು ಮೂರು ಗಂಟೆ ಕೂತು ಪೂರ್ತಿ ಹಿನ್ನೆಲೆ, ನೆರಳು ಎಲ್ಲ ಹಾಕಿದ್ದೆ. ನಾಲ್ಕನೇ ದಿನ ಅಷ್ಟು ಸಮಯ ಸಿಗಲಿಲ್ಲ. ಆ ದಿನದ ಚಿತ್ರ ಹಿಂದಿನದಕ್ಕಿಂತ ಸಪ್ಪೆ ಅನ್ನಿಸಿತು. ಒಂಬತ್ತನೇ ದಿನ ತಪ್ಪಿದಾಗ, ಹತ್ತನೇ ದಿನ ಎರಡು ಬಿಡಿಸಬೇಕಲ್ಲ ಅನ್ನುವ ಯೋಚನೆಯೇ ಭಾರವಾಯಿತು. ಆಮೇಲೆ ಎರಡು ವಾರ ಪೆನ್ಸಿಲನ್ನೂ ಮುಟ್ಟಲಿಲ್ಲ.

ಆ ಎರಡು ವಾರ ನನಗೆ ತುಂಬಾ ಬೇಜಾರು ಕೊಟ್ಟಿತು. ಕಲಿಯಲಿ ಅಂತ ಇರುವ ಚಾಲೆಂಜ್ ನನ್ನ ಕಲಿಕೆಯನ್ನೇ ನಿಲ್ಲಿಸಿತ್ತು. ಮುಂದಿನ ವರ್ಷ ಇಂಕ್ಟೋಬರ್‌ನ ನಿಯಮವನ್ನು ಸರಿಯಾಗಿ ಓದಿದೆ. ಅದರಲ್ಲೇ ದಿನ ಬಿಟ್ಟು ದಿನ ಬಿಡಿಸುವ ಅರ್ಧ ಮ್ಯಾರಥಾನ್ ಇದೆ, ವಾರಕ್ಕೊಂದು ಬಿಡಿಸುವ ಇನ್ನೂ ಚಿಕ್ಕ ಓಟವೂ ಇದೆ. ನಾನು ದಿನ ಬಿಟ್ಟು ದಿನದ್ದನ್ನು ಹಿಡಿದೆ. ನನ್ನದೇ ಮೂರು ನಿಯಮ ಸೇರಿಸಿಕೊಂಡೆ: ನಲವತ್ತು ನಿಮಿಷಕ್ಕಿಂತ ಜಾಸ್ತಿ ಕೂರಬಾರದು, ತಪ್ಪಿದ ದಿನವನ್ನು ಹಿಂದಕ್ಕೆ ಹೋಗಿ ತುಂಬಬಾರದು, ಪದ ಯಾವುದೇ ಬರಲಿ ಅದರಲ್ಲಿ ಅಜ್ಜಿ ಇರಬೇಕು.

ಈ ಮೂರನೇ ನಿಯಮವೇ ನನ್ನನ್ನು ಬದಲಾಯಿಸಿದ್ದು. ಯಾಕೆ ಅಂತ ಹೇಳುತ್ತೇನೆ.

"ಭಾರ" ಅನ್ನುವ ಪದ ಬಂದಿದೆ ಅಂದುಕೊಳ್ಳಿ. ಪಾತ್ರವನ್ನು ಆವತ್ತೇ ಹೊಸದಾಗಿ ಹುಟ್ಟಿಸುವುದಾದರೆ ನಲವತ್ತು ನಿಮಿಷದಲ್ಲಿ ಮೂವತ್ತು ನಿಮಿಷ ಬಟ್ಟೆ, ಕೂದಲು, ಮುಖಕ್ಕೇ ಹೋಗುತ್ತದೆ. ಅಜ್ಜಿ ಆಗಲೇ ಗೊತ್ತಿರುವವಳು. ಅವಳ ಏಪ್ರನ್ ಗೊತ್ತು, ಗಂಟು ಗೊತ್ತು. ಉಳಿಯುವ ಪ್ರಶ್ನೆ ಒಂದೇ: ಇವಳು ಭಾರ ಎತ್ತಿದರೆ ಹೇಗಿರುತ್ತಾಳೆ? ದೊಡ್ಡ ಗೋಡೆ ಗಡಿಯಾರವನ್ನು ಬೆನ್ನಿಗೆ ಕಟ್ಟಿದೆ. ಮೊದಲ ಸ್ಕೆಚ್‌ನಲ್ಲಿ ಗಡಿಯಾರ ಬೆನ್ನಿಗೆ ಅಂಟಿಸಿದ ಸ್ಟಿಕ್ಕರ್ ಥರ ಇತ್ತು. ಭಾರವೇ ಇಲ್ಲ. ಎದ್ದು ನಿಂತು ತುಂಬಿದ ಚೀಲವೊಂದನ್ನು ನಾನೇ ಬೆನ್ನಿಗೆ ಹಾಕಿಕೊಂಡು ಕನ್ನಡಿ ಮುಂದೆ ನಿಂತೆ. ಸೊಂಟ ಹಿಂದಕ್ಕೆ ಹೋಯಿತು, ಎದೆ ಮುಂದಕ್ಕೆ ಬಂತು, ಮೊಣಕಾಲು ತಾನೇ ಬಾಗಿತು. ದೇಹ ಮತ್ತು ಹೊರೆ ಎರಡೂ ಸೇರಿದ ತೂಕ ಪಾದಗಳ ಮೇಲೇ ಇಳಿಯಬೇಕು, ಇಲ್ಲದಿದ್ದರೆ ಬೀಳುತ್ತೇವೆ. ಅಷ್ಟೇ ವಿಷಯ. ಎರಡನೇ ಸ್ಕೆಚ್‌ನಲ್ಲಿ ಗಡಿಯಾರಕ್ಕೆ ತೂಕ ಬಂತು.

ಅದೇ ಪ್ರಶ್ನೆಯನ್ನು ಸುಮ್ನೆ ನಿಂತ ಭಂಗಿಗೂ ಕೇಳಲು ಶುರುಮಾಡಿದೆ. ಒಂದು ಕಾಲ ಮೇಲೆ ಭಾರ ಹಾಕಿ ನಿಂತಾಗ ಗಂಟಲಿನ ಕುಳಿ ಸುಮಾರಾಗಿ ಆ ಕಾಲಿನ ಪಾದದ ಮೇಲೇ ಬರುತ್ತದೆ. ಭಾರ ಹೊತ್ತ ಕಡೆ ಸೊಂಟ ಮೇಲಕ್ಕೆ, ಅದೇ ಕಡೆ ಭುಜ ಕೆಳಕ್ಕೆ. ಗ್ರೀಕ್ ಶಿಲ್ಪಿಗಳು ಸುಮಾರು ಎರಡೂವರೆ ಸಾವಿರ ವರ್ಷದ ಹಿಂದೆ ಇದನ್ನು ಕಲ್ಲಿನಲ್ಲಿ ತೋರಿಸಿದ್ದಾರೆ. ನಮ್ಮ ಶಿಲ್ಪಗಳ ತ್ರಿಭಂಗಿಯಲ್ಲೂ ತಲೆ, ನಡು, ಕಾಲು ಒಂದಕ್ಕೊಂದು ಎದುರಾಗಿ ಬಾಗುತ್ತವೆ. ಎಷ್ಟೋ ಸಲ ನೋಡಿದ್ದೆ. ಅದು ಬರೀ ಅಲಂಕಾರವಲ್ಲ, ದೇಹ ಸಮತೋಲ ಕಾಯ್ದುಕೊಳ್ಳುವ ರೀತಿಯೂ ಹೌದು ಅಂತ ಅರ್ಥವಾಗಿದ್ದು ಅಜ್ಜಿಯನ್ನು ನಿಲ್ಲಿಸುವಾಗ. ಅಲ್ಲಿವರೆಗೆ ನನ್ನ ಪಾತ್ರಗಳೆಲ್ಲ ಎರಡೂ ಕಾಲ ಮೇಲೆ ಸಮವಾಗಿ ಭಾರ ಹಾಕಿ, ಫೋಟೋಗೆ ನಿಂತವರ ಹಾಗೆ ನಿಲ್ಲುತ್ತಿದ್ದವು.

ಕೈಗಳ ಬಗ್ಗೆ ಸ್ವಲ್ಪ ಹೇಳಲೇಬೇಕು, ಯಾಕಂದರೆ ನಾನು ಹೆಚ್ಚು ಓಡಿಹೋಗಿದ್ದು ಅಲ್ಲಿಂದ. ಗಡಿಯಾರ ರಿಪೇರಿ ಮಾಡುವವಳ ಕೈಗಳನ್ನು ಜೇಬಲ್ಲಿ ಇಡೋಕಾಗಲ್ಲ. ಚಿಮುಟ ಹಿಡಿಯಬೇಕು, ಸ್ಕ್ರೂ ತಿರುಗಿಸಬೇಕು. ಒಂದು ತಿಂಗಳು ದಿನಾ ಐದು ಕೈ ಬಿಡಿಸಿದೆ, ನನ್ನ ಎಡಗೈಯನ್ನೇ ನೋಡಿಕೊಂಡು. ಐದು ಬೆರಳನ್ನು ಬೇರೆ ಬೇರೆಯಾಗಿ ಶುರುಮಾಡಿದರೆ ಯಾವಾಗಲೂ ಕೆಡುತ್ತಿತ್ತು. ಅಂಗೈ ಒಂದು ಚಪ್ಪಟೆ ಪೆಟ್ಟಿಗೆ, ನಾಲ್ಕು ಬೆರಳು ಸೇರಿ ಇನ್ನೊಂದು ಪೆಟ್ಟಿಗೆ, ಹೆಬ್ಬೆರಳು ಪಕ್ಕದಿಂದ ಬರುವ ಒಂದು ಬೆಣೆ. ಇಷ್ಟು ಇಟ್ಟು, ಕೈ ಯಾವ ಕಡೆ ತಿರುಗಿದೆ ಅಂತ ಗಟ್ಟಿಯಾದ ಮೇಲೆ ಬೆರಳು ಬಿಡಿಸಿದರೆ ನಿಲ್ಲುತ್ತದೆ. ಇನ್ನೊಂದು ಸಣ್ಣ ವಿಷಯ ನನಗೆ ತುಂಬಾ ಖುಷಿ ಕೊಟ್ಟಿತು. ನಿಮ್ಮ ಕೈಯನ್ನೇ ನೋಡಿ. ಹಿಂಬದಿಯಿಂದ ನೋಡಿದರೆ ಬೆರಳು ಉದ್ದ, ಅಂಗೈ ಕಡೆಯಿಂದ ನೋಡಿದರೆ ಗಿಡ್ಡ. ಬೆರಳಿನ ಬುಡದ ಗೆಣ್ಣು ಹಿಂಬದಿಯಲ್ಲಿ ಕಾಣುತ್ತದೆ, ಅಂಗೈ ಕಡೆ ಅದರ ಮೇಲೆ ಚರ್ಮ ಮುಂದಕ್ಕೆ ಬಂದು ಮುಚ್ಚಿರುತ್ತದೆ. ಇಷ್ಟು ವರ್ಷ ದಿನಾ ನೋಡಿದ ಕೈ ಇದು, ಅಲ್ವಾ?

ದಿನದ ಕ್ರಮ ಸರಳ. ಮೊದಲ ಹತ್ತು ನಿಮಿಷ ಜೆಸ್ಚರ್, ಅಂದರೆ ಭಂಗಿಯನ್ನು ಬೇಗ ಬೇಗ ಹಿಡಿಯುವ ಸ್ಕೆಚ್. ಫೋಟೋ ನೋಡಿಕೊಂಡೋ, ಎದುರಿಗೆ ಓಡಾಡುವವರನ್ನು ನೋಡಿಕೊಂಡೋ, ಮೂವತ್ತು ಸೆಕೆಂಡಿನ ಹತ್ತು ಭಂಗಿ, ಆಮೇಲೆ ಒಂದು ನಿಮಿಷದ ಐದು. ಮೂವತ್ತು ಸೆಕೆಂಡಿನಲ್ಲಿ ಮುಖ, ಬಟ್ಟೆ ಏನೂ ಬರಲ್ಲ. ತಲೆಯಿಂದ ಪಾದಕ್ಕೆ ಹರಿಯುವ ಒಂದು ಗೆರೆ, ಭುಜದ ಓರೆ, ಸೊಂಟದ ಓರೆ, ಇಷ್ಟೇ. ಇದನ್ನು ಬಿಟ್ಟ ದಿನಗಳಲ್ಲಿ ಅಜ್ಜಿ ಮರದ ಗೊಂಬೆ ಆಗುತ್ತಾಳೆ. ಇದು ನನಗೆ ಎಷ್ಟೋ ಸಲ ಆಗಿದೆ, ಹಾಗಾಗಿ ಸಮಯ ಕಡಿಮೆ ಇದ್ದ ದಿನ ಉಳಿದದ್ದನ್ನು ಬಿಟ್ಟು ಇದನ್ನು ಮಾತ್ರ ಮಾಡುತ್ತೇನೆ. ಆಮೇಲಿನ ಅರ್ಧ ಗಂಟೆ ಆವತ್ತಿನ ಪದಕ್ಕೆ. ಪೆನ್ಸಿಲ್ 2ಬಿ, ಒತ್ತಿ ಬಿಡಿಸುವುದಿಲ್ಲ.

ಇಂಕಿನಲ್ಲಿ ಒಂದು ಪಾಠ ದುಬಾರಿಯಾಯಿತು. ಹನ್ನೊಂದನೇ ಚಿತ್ರ ನನಗೆ ಬಹಳ ಇಷ್ಟವಾಗಿತ್ತು. ಜೆಲ್ ಪೆನ್ನಿನ ಗೆರೆಗಳ ಮೇಲೆ ನೆರಳಿಗೆಂದು ತೆಳು ನೀರಿನ ಬಣ್ಣ ಎಳೆದೆ. ಮುಖದ ಗೆರೆಯೆಲ್ಲ ಕರಗಿ ಕೆನ್ನೆಯ ಮೇಲೆ ಹರಿಯಿತು. ನೀರು ತಾಗಿದರೂ ಕರಗದ ಇಂಕ್ ಬೇಕು. ಪಿಗ್ಮೆಂಟ್ ಇಂಕಿನ (ನೀರಲ್ಲಿ ಕರಗದ ಬಣ್ಣದ ಕಣಗಳಿರುವ ಇಂಕಿನ) ಫೈನ್‌ಲೈನರ್, ಅಂದರೆ ಸಣ್ಣ ಮೊನೆಯ ಪೆನ್ನು, ಒಣಗಿದ ಮೇಲೆ ಸಾಮಾನ್ಯವಾಗಿ ನಿಲ್ಲುತ್ತದೆ. ಈಗ ಹೊಸ ಪೆನ್ನು ತಂದರೆ ಪುಸ್ತಕದ ಕೊನೆಯ ಪುಟದಲ್ಲಿ ಗೆರೆ ಎಳೆದು, ಐದು ನಿಮಿಷ ಬಿಟ್ಟು ಒದ್ದೆ ಬ್ರಶ್ ಆಡಿಸಿ ನೋಡುತ್ತೇನೆ. ಆದರೂ ಇಂಕು ಕಲಿಸಿದ್ದಕ್ಕೆ ನಾನು ಋಣಿ. ರಬ್ಬರ್ ಇಲ್ಲ ಅಂತ ಗೊತ್ತಿದ್ದರೆ ಗೆರೆ ಎಲ್ಲಿಂದ ಎಲ್ಲಿಗೆ ಹೋಗಬೇಕು ಅಂತ ಮೊದಲೇ ನೋಡುತ್ತೇವೆ. ಕೂದಲಿನ ಹಾಗೆ ತುಂಡು ತುಂಡಾಗಿ ಎಳೆಯುತ್ತಿದ್ದ ನನ್ನ ಗೆರೆ ಒಂದೇ ಎಳೆತಕ್ಕೆ ಬಂದಿದ್ದು ಆ ಅಕ್ಟೋಬರ್‌ನ ಹದಿನಾರು ಚಿತ್ರಗಳಲ್ಲಿ.

ಚಾಲೆಂಜ್ ಮುಗಿದ ಮೇಲೆ ಅಜ್ಜಿಯನ್ನು ನಾಲ್ಕು ಕಡೆಯಿಂದ ಬಿಡಿಸಿದೆ: ಎದುರು, ಮುಕ್ಕಾಲು, ಪಕ್ಕ, ಬೆನ್ನು. ಗದ್ದ, ಭುಜ, ಸೊಂಟ, ಮೊಣಕಾಲು ಎಲ್ಲ ಕಡೆಯೂ ಒಂದೇ ಎತ್ತರದಲ್ಲಿ ಇರುವಂತೆ ಕಾಗದದ ಉದ್ದಕ್ಕೂ ಅಡ್ಡ ಗೆರೆ ಎಳೆದುಕೊಂಡೆ. ಬೆನ್ನಿನ ಚಿತ್ರಕ್ಕೆ ಬಂದಾಗ ಏಪ್ರನ್ ಹಿಂದೆ ಹೇಗೆ ಕಟ್ಟುತ್ತದೆ ಅಂತ ನನಗೇ ಗೊತ್ತಿಲ್ಲ ಅಂತ ತಿಳಿಯಿತು. ಅಷ್ಟು ಹೊತ್ತಿಗೆ ನೂರಕ್ಕೂ ಜಾಸ್ತಿ ಸಲ ಬಿಡಿಸಿದ್ದೆ! ಆವತ್ತು ಸಂಜೆಯೆಲ್ಲ ಗಂಟು ಹಾಕಿದ ಬಟ್ಟೆಗಳ ಚಿತ್ರ ಬಿಡಿಸುತ್ತಾ ಕೂತೆ. ಗಂಟಿನಿಂದ ಮಡಿಕೆಗಳು ಹೊರಟು ಹರಡುವುದನ್ನು ಅರ್ಥ ಮಾಡಿಕೊಂಡದ್ದು ಆ ಸಂಜೆ.

ತಪ್ಪು ಹಿಡಿಯೋಕೆ ಎರಡು ಉಪಾಯ ನನಗೆ ತುಂಬಾ ಕೆಲಸಕ್ಕೆ ಬಂದಿವೆ. ಕಾಗದವನ್ನು ತಿರುಗಿಸಿ ಬೆಳಕಿಗೆ ಹಿಡಿದು ಹಿಂಬದಿಯಿಂದ ನೋಡುವುದು ಒಂದು. ವಾಲಿದ ಕಣ್ಣು, ಸೊಟ್ಟ ದವಡೆ ಆಗ ತಕ್ಷಣ ಕಾಣುತ್ತದೆ, ಕಣ್ಣು ತಪ್ಪಿಗೆ ಹೊಂದಿಕೊಂಡಿರುತ್ತಲ್ಲ. ಇನ್ನೊಂದು, ಪಾತ್ರವನ್ನು ಪೂರ್ತಿ ಕಪ್ಪು ತುಂಬಿ ಆಕಾರವನ್ನಷ್ಟೇ ನೋಡುವುದು. ಕೈ ಮೈಯೊಳಗೆ ಸೇರಿಹೋಗಿದ್ದರೆ ಏನು ಮಾಡುತ್ತಿದ್ದಾಳೆ ಅಂತ ಗೊತ್ತಾಗುವುದಿಲ್ಲ. ಕೈಯನ್ನು ಮೈಯಿಂದ ಸ್ವಲ್ಪ ಹೊರಗೆ ತಂದರೆ ಕಪ್ಪಿನಲ್ಲೂ ಚಿಮುಟ ಹಿಡಿದ ಕೈ ಕಾಣುತ್ತದೆ.

ಜಪಾನಿನ ಚಿತ್ರಕಾರ ಹೊಕುಸಾಯ್‌ನ ಸ್ಕೆಚ್ ಸಂಪುಟಗಳು 1814ರಿಂದ ಹೊರಬರಲು ಶುರುವಾದವು. ಅದರ ಪುಟಗಳನ್ನು ನಾನು ಆಗಾಗ ನೋಡುತ್ತೇನೆ. ಕೆಲಸ ಮಾಡುವ ಜನ, ದಪ್ಪ ಮೈಯವರು, ತೆಳ್ಳಗಿನವರು, ಒಬ್ಬೊಬ್ಬರಿಗೂ ಕೆಲವೇ ಗೆರೆ. ಬಗ್ಗುವುದು, ಎಳೆಯುವುದು, ಒರಗುವುದು ಎಲ್ಲ ಇದೆ. ಅದನ್ನು ನೋಡಿದ ಮೇಲೆ ಅಜ್ಜಿಗೆ ಒಬ್ಬ ಸಹಾಯಕನನ್ನು ಕೊಟ್ಟೆ. ಅವಳು ಗುಂಡಗೆ, ಗಿಡ್ಡ; ಅವನು ಉದ್ದ, ಕೋಲಿನ ಹಾಗೆ. ಇಬ್ಬರನ್ನೂ ಒಂದೇ ಮೇಜಿನ ಮುಂದೆ ಕೂರಿಸುವುದು ಇನ್ನೊಂದು ದೊಡ್ಡ ಪಾಠ. ಅವನ ಮೊಣಕಾಲು ಮೇಜಿಗೆ ತಾಗುತ್ತದೆ, ಅವಳ ಪಾದ ನೆಲಕ್ಕೆ ಮುಟ್ಟುವುದಿಲ್ಲ.

ನೀವು ಶುರುಮಾಡುವುದಾದರೆ ಪಾತ್ರವನ್ನು ಆರಿಸುವಾಗ ಅದರ ಕೆಲಸದ ಬಗ್ಗೆ ಯೋಚಿಸಿ ಅಂತ ಕೇಳಿಕೊಳ್ಳುತ್ತೇನೆ. ನೀವು ಯಾವುದನ್ನು ಬಿಡಿಸಲು ಹೆದರುತ್ತೀರೋ ಅದನ್ನೇ ಬೇಡುವ ಕೆಲಸ ಕೊಡಿ. ಪಾದಕ್ಕೆ ಹೆದರಿದರೆ ನರ್ತಕಿ. ಬೆನ್ನಿಗೆ ಹೆದರಿದರೆ ಏಣಿ ಹತ್ತುವವನು. ಪದಗಳ ಪಟ್ಟಿ ಎಲ್ಲಿಂದಲಾದರೂ ಬರಲಿ, ನೀವೇ ಹದಿನೈದು ಚೀಟಿ ಬರೆದು ಡಬ್ಬಿಗೆ ಹಾಕಿಕೊಂಡರೂ ಆಯಿತು. ನಾನು ಅಕ್ಟೋಬರ್ ಬಿಟ್ಟು ಉಳಿದ ತಿಂಗಳಲ್ಲಿ ಹಾಗೇ ಮಾಡುತ್ತೇನೆ.

ಮೊನ್ನೆ ಬಂದ ಚೀಟಿ "ಮೆಟ್ಟಿಲು". ಅಜ್ಜಿ ಬಲಕ್ಕೆ ತಿರುಗಿ ಇಳಿದು ಬರುತ್ತಿದ್ದಾಳೆ, ಕೈಯಲ್ಲಿ ಗಾಜಿನ ಮುಚ್ಚಳದ ಗಡಿಯಾರ. ಮುಂದಿನ ಪಾದ ಇನ್ನೂ ಮೆಟ್ಟಿಲು ಮುಟ್ಟಿಲ್ಲ. ಭಾರವೆಲ್ಲ ಹಿಂದಿನ ಬಾಗಿದ ಮೊಣಕಾಲಿನ ಮೇಲಿದೆ. ಆ ಮೊಣಕಾಲನ್ನು ಏಳು ಸಲ ಬಿಡಿಸಿದ್ದೇನೆ. ಏಪ್ರನ್ನಿನ ಕೆಳಗೆ ಅದು ಎಷ್ಟು ಬಾಗಿರಬೇಕು ಅನ್ನುವುದು ಇನ್ನೂ ಸರಿಹೋಗಿಲ್ಲ. ನಾಳೆ ಬೆಳಿಗ್ಗೆ ಕನ್ನಡಿಯನ್ನು ಮೆಟ್ಟಿಲ ಹತ್ತಿರ ತಂದಿಟ್ಟುಕೊಂಡು ನಾನೇ ನಿಧಾನವಾಗಿ ಇಳಿದು ನೋಡುತ್ತೇನೆ.