ಇಂಗ್ಲಿಷ್ ಪದ್ಯದಲ್ಲಿ ಅಲಂಕಾರ ಗುರುತಿಸುವುದು ಹೇಗೆ?

ಮುಂಬಯಿ, ಪುಣೆಯ ಕನ್ನಡ ಮಾಧ್ಯಮ ಶಾಲೆಗಳಿಂದ ಜೂನಿಯರ್ ಕಾಲೇಜಿಗೆ ಬಂದವರಿಗೆ ‘ನೇಮ್ ಆ್ಯಂಡ್ ಎಕ್ಸ್‌ಪ್ಲೇನ್ ದ ಫಿಗರ್ ಆಫ್ ಸ್ಪೀಚ್’ ಎಂಬ ಪ್ರಶ್ನೆ ಕಂಡರೆ ಕೈ ನಡುಗುತ್ತದೆ. ನಡುಗಬೇಕಾಗಿಲ್ಲ. 9ನೆಯ ಶತಮಾನದ ಕವಿರಾಜಮಾರ್ಗದಿಂದಲೂ ಕನ್ನಡದಲ್ಲಿ ಅಲಂಕಾರದ ಚರ್ಚೆ ನಡೆದಿದೆ. ವ್ಯಾಕರಣದ ತರಗತಿಯಲ್ಲಿ ನೀವು ಕಲಿತದ್ದೇ ಇಲ್ಲಿ ಅರ್ಧ ಕೆಲಸ ಮಾಡಿಕೊಡುತ್ತದೆ.

‘ದ ಲೋಕಲ್ ಕ್ರಾಲ್ಡ್ ಲೈಕ್ ಎ ಸ್ನೇಕ್’ ಎಂಬ ಸಾಲು ತೆಗೆದುಕೊಳ್ಳಿ. ಲೋಕಲ್ ರೈಲು ಉಪಮೇಯ, ಹಾವು ಉಪಮಾನ, ‘ಲೈಕ್’ ವಾಚಕ, ತೆವಳುವುದು ಸಮಾನಧರ್ಮ. ಇದು ಸಿಮಿಲಿ. ‘ದ ಲೋಕಲ್ ಈಸ್ ಎ ಸ್ನೇಕ್’ ಎಂದರೆ ಹೋಲಿಕೆ ಹೋಗಿ ಅಭೇದ ಬಂತು, ರೈಲೇ ಹಾವಾಯಿತು. ನಮ್ಮ ರೂಪಕ, ಅವರ ಮೆಟಫರ್.

‘ಲೈಕ್’, ‘ಆ್ಯಸ್’ ಕಂಡ ಕೂಡಲೇ ಸಿಮಿಲಿ ಎಂದು ಬರೆಯುವುದು ಎಲ್ಲಕ್ಕಿಂತ ಸಾಮಾನ್ಯವಾದ ತಪ್ಪು. ‘ಸಿಟೀಸ್ ಲೈಕ್ ಮುಂಬಯಿ ಆ್ಯಂಡ್ ಪುಣೆ’ ಎಂಬಲ್ಲಿರುವುದು ಬರೀ ಉದಾಹರಣೆ. ‘ಆ್ಯಸ್ ಇಟ್ ವಾಸ್ ರೇನಿಂಗ್’ ಎಂಬುದು ಕಾರಣ. ಅಣ್ಣನಂತೆ ತಮ್ಮನೂ ಎತ್ತರ ಎಂದರೂ ಅಲಂಕಾರವಾಗದು. ಹೋಲಿಸುವ ಎರಡು ವಸ್ತುಗಳ ಜಾತಿ ಬೇರೆಯಾಗಿರಬೇಕು.

ಪರ್ಸಾನಿಫಿಕೇಶನ್‌ನಲ್ಲಿ ಜಡವಸ್ತುವಿಗೆ ಬಂದ ಗುಣ ಮನುಷ್ಯನದ್ದೇ ಆಗಿರಬೇಕು. ಹಳೆಯ ಚಾಳು ಪ್ರತಿ ಮಳೆಗಾಲವನ್ನೂ ನೆನಪಿಟ್ಟುಕೊಂಡಿದೆ ಎಂದರೆ ಸರಿ. ಸಮುದ್ರ ಗರ್ಜಿಸಿತು ಎಂದರೆ ಗರ್ಜನೆ ಸಿಂಹದ್ದು. ಅಲ್ಲಿ ಮೆಟಫರ್ ಎನ್ನುವುದೇ ಮೇಲು.

ಹತ್ತಿರದ ಪದಗಳ ಮೊದಲ ಧ್ವನಿ ಮರುಕಳಿಸಿದರೆ ಅಲಿಟರೇಶನ್. ಅಲ್ಲಿ ಮಾತ್ರ ಕಣ್ಣನ್ನು ನಂಬಬೇಡಿ. ಅದು ಅಕ್ಷರದ ಆಟವಲ್ಲ, ಧ್ವನಿಯದು. ‘ಕಿಂಗ್’, ‘ನೈಟ್’ (ರಾತ್ರಿಯಲ್ಲ, ಯೋಧ ಎಂಬ ಅರ್ಥದ knight) ಎರಡೂ ಇಂಗ್ಲಿಷಿನಲ್ಲಿ ‘ಕೆ’ಯಿಂದಲೇ ಶುರುವಾಗುತ್ತವೆ. ಕನ್ನಡ ಲಿಪಿಯಲ್ಲಿ ಬರೆದು ನೋಡಿ: ಒಂದು ಕ, ಇನ್ನೊಂದು ನ. ಹಾಗಾಗಿ ಅಲಿಟರೇಶನ್ ಇಲ್ಲ. ‘ಫೋನ್’ ಶುರುವಾಗುವುದು ‘ಪಿಎಚ್’ನಿಂದ, ‘ಫಿಶ್’ ‘ಎಫ್’ನಿಂದ, ಲಿಪಿಯಲ್ಲಿ ಎರಡೂ ಫ, ಆದ್ದರಿಂದ ಇದೆ. ಅನುಮಾನ ಬಂದಾಗ ಸಾಲಿನ ಪಕ್ಕದಲ್ಲಿ ಪೆನ್ಸಿಲ್ಲಿನಿಂದ ಕನ್ನಡದಲ್ಲಿ ಗೀಚಿಕೊಳ್ಳಿ, ಉತ್ತರ ತಾನೇ ಕಾಣುತ್ತದೆ. ಈ ಉಪಾಯ ಕೈಕೊಡುವುದು ‘ವ’ದಲ್ಲಿ. ‘ವಿಂಡ್’ ಎನ್ನಲು ತುಟಿ ದುಂಡಗಾಗಬೇಕು, ‘ವಾಯ್ಸ್’ ಎನ್ನಲು ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು. ಕನ್ನಡದಲ್ಲಿ ಎರಡಕ್ಕೂ ಒಂದೇ ಅಕ್ಷರ, ಇಂಗ್ಲಿಷಿನಲ್ಲಿ ಎರಡು ಬೇರೆ ಧ್ವನಿ. ಇನ್ನೊಂದು ಎಚ್ಚರ: ನಮ್ಮ ಆದಿಪ್ರಾಸ ನಿಲ್ಲುವುದು ಸಾಲಿನ ಎರಡನೆಯ ಅಕ್ಷರದ ಮೇಲೆ. ಇಲ್ಲಿ ನೋಡಬೇಕಾದದ್ದು ಹತ್ತಿರಹತ್ತಿರದ ಪದಗಳ ಮೊದಲ ಧ್ವನಿಯನ್ನು.

‘ದಲಾಲ್ ಸ್ಟ್ರೀಟ್ ಈಸ್ ನರ್ವಸ್’ ಎಂದರೆ ಹೆದರಿದ್ದು ಬೀದಿಯಲ್ಲ, ಶೇರುಪೇಟೆ. ಒಂದಕ್ಕೆ ಸಂಬಂಧಪಟ್ಟ ಇನ್ನೊಂದರ ಹೆಸರು ಹೇಳಿದರೆ ಮೆಟನಮಿ. ಭಾಗದ ಹೆಸರು ಹೇಳಿ ಇಡಿಯನ್ನು ಸೂಚಿಸಿದರೆ, ಕೆಲಸಗಾರರನ್ನು ‘ಹ್ಯಾಂಡ್ಸ್’ ಎಂದಂತೆ, ಸಿನೆಕ್ಡಕಿ. ಪದ ತನ್ನ ನೇರ ಅರ್ಥ ಬಿಟ್ಟು ಅದಕ್ಕೆ ಸಂಬಂಧಪಟ್ಟ ಅರ್ಥ ಕೊಡುವುದನ್ನು ಕಾವ್ಯಮೀಮಾಂಸೆ ಲಕ್ಷಣಾವೃತ್ತಿ ಎನ್ನುತ್ತದೆ, ಅದನ್ನು ಓದಿದವರಿಗೆ ಇದು ಹೊಸದಲ್ಲ. ಹೈಪರ್ಬೊಲಿ ಎಂದರೆ ನಮ್ಮ ಅತಿಶಯೋಕ್ತಿಯೇ ಎಂದುಕೊಂಡರೆ ಪರೀಕ್ಷೆಗೆ ಸಾಕು.

ಕನ್ನಡಿಗರ ಕಣ್ಣಿಗೆ ಬೀಳದೆ ಹೋಗುವುದು ಇನ್ವರ್ಶನ್. ‘ಬಂತು ಮಳೆ’ ಎಂದರೂ ‘ಮಳೆ ಬಂತು’ ಎಂದರೂ ನಮಗೆ ಸಹಜ. ಇಂಗ್ಲಿಷಿನಲ್ಲಿ ಕರ್ತೃ, ಕ್ರಿಯೆ, ಕರ್ಮ ಎಂಬ ಕ್ರಮ ಬಿಗಿಯಾದದ್ದು. ‘ಡೌನ್ ಕೇಮ್ ದ ರೇನ್’ ಸಿಕ್ಕರೆ ಗದ್ಯದ ಕ್ರಮಕ್ಕೆ ತನ್ನಿ: ‘ದ ರೇನ್ ಕೇಮ್ ಡೌನ್’. ಪದಗಳು ಜಾಗ ಬದಲಿಸಿದರೆ ಇನ್ವರ್ಶನ್ ಇದೆ. ಉತ್ತರದಲ್ಲಿ ಆ ಗದ್ಯದ ಸಾಲನ್ನೂ ಬರೆಯಿರಿ.

ಉಳಿದ ಅಲಂಕಾರಗಳಿಗೂ ಹೆಸರು ಬರೆದು ನಿಲ್ಲಬೇಡಿ. ಯಾವುದನ್ನು ಯಾವುದಕ್ಕೆ, ಯಾವ ಗುಣಕ್ಕಾಗಿ ಹೋಲಿಸಿದೆ ಎಂದು ಸಾಲಿನ ಪದಗಳನ್ನೇ ಎತ್ತಿ ಹೇಳಿ. ಒಂದೇ ಸಾಲಿನಲ್ಲಿ ಎರಡು ಕಂಡರೆ, ಪದಗಳನ್ನು ಬೆರಳಿಟ್ಟು ತೋರಿಸಿ ವಿವರಿಸಲು ಬರುವುದನ್ನು ಆರಿಸಿಕೊಳ್ಳಿ.