ಹಾಪ್ಸ್ ಘಮ ಗ್ಲಾಸಿನ ತನಕ ಉಳಿಯಬೇಕಾದರೆ

ಹಾಪ್ಸ್ ಅಂದರೆ ಬಿಯರ್‌ಗೆ ಕಹಿ, ಘಮ ಕೊಡುವ ಹೂವು. ಅದನ್ನು ಧಾರಾಳವಾಗಿ ಹಾಕಿ ಮಾಡುವ ಬಿಯರ್ ಐಪಿಎ. ಮನೆಯಲ್ಲಿ ಮಾಡಿದ ಐಪಿಎ ಘಮ್ ಅನ್ನಲಿಲ್ಲ ಅಂದರೆ ಹೆಚ್ಚಿನವರು ಮುಂದಿನ ಸಲ ಇನ್ನೊಂದು ಹಿಡಿ ಹಾಪ್ಸ್ ಜಾಸ್ತಿ ಹಾಕುತ್ತಾರೆ. ಖರ್ಚು ಏರುತ್ತದೆ, ಘಮ ಅಷ್ಟೇನೂ ಏರುವುದಿಲ್ಲ. ನಾನಂತೂ ಹಾಕಿದ ಹಾಪ್ಸ್ ಎಲ್ಲೆಲ್ಲಿ ದಂಡವಾಗುತ್ತಿದೆ ಅಂತ ಮೊದಲು ನೋಡುತ್ತೇನೆ.

ಮೊದಲ ಜಾಗ ಒಲೆ. ಹಾಪ್ಸ್‌ನ ಕಹಿ ಆಲ್ಫಾ ಆಸಿಡ್‌ನಿಂದ ಬರುತ್ತದೆ, ಅದಕ್ಕೆ ಕುದಿ ಬೇಕು. ಘಮ ಇರುವುದು ಎಣ್ಣೆಯಲ್ಲಿ. ಮಿರ್ಸೀನ್‌ನಂಥ ಎಣ್ಣೆ ಕುದಿಯುವಾಗ ಆವಿಯ ಜೊತೆ ಹೊರಟೇಹೋಗುತ್ತದೆ. ಸಾರು ಇಳಿಸಿದ ಮೇಲೆ ಕೊತ್ತಂಬರಿ ಸೊಪ್ಪು ಹಾಕುತ್ತೇವಲ್ಲ, ಅದೇ ಲೆಕ್ಕ. ಕಹಿಗೆ ಬೇಕಾದಷ್ಟನ್ನು ಮಾತ್ರ ಕುದಿಯ ಶುರುವಿನಲ್ಲಿ ಹಾಕುತ್ತೇನೆ. ಒಲೆ ಆರಿಸಿ, ವರ್ಟ್ (ಹುದುಗುವ ಮೊದಲಿನ ಮಾಲ್ಟ್ ರಸ) 80 ಡಿಗ್ರಿಗೆ ಇಳಿದ ಮೇಲೆ ದೊಡ್ಡ ಪಾಲು ಹಾಕಿ 20 ನಿಮಿಷ ಮುಚ್ಚಿಡುತ್ತೇನೆ. ನಮ್ಮೂರು ಬೆಂಗಳೂರು ಎತ್ತರದಲ್ಲಿರುವುದರಿಂದ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ, ಆದರೆ ಘಮದ ಮಟ್ಟಿಗೆ ಅದೂ ಜಾಸ್ತಿಯೇ. ಏಪ್ರಿಲ್‌ನಲ್ಲಿ ಟೆರೇಸ್ ಮೇಲಿನ ಸಿಂಟೆಕ್ಸ್ ನೀರು ನಂಬಿ ವರ್ಟ್ ತಣಿಸಲು ಹೋಗಬೇಡಿ. ಐಸ್ ತಂದಿಟ್ಟುಕೊಳ್ಳಿ.

ನೀರಿನದು ಚಿಕ್ಕ ವಿಷಯ. ಕಾವೇರಿ ನೀರಿನ ಕ್ಲೋರಿನ್ ಉಳಿದರೆ ಬಿಯರ್‌ಗೆ ಔಷಧಿ ವಾಸನೆ ಬಂದು ಹಾಪ್ಸ್ ಮುಳುಗಿಹೋಗುತ್ತದೆ. ಚಿಟಿಕೆ ಪೊಟ್ಯಾಸಿಯಂ ಮೆಟಾಬೈಸಲ್ಫೈಟ್ ಸಾಕು. ಬೋರ್‌ವೆಲ್ ನೀರು ಗಡಸಾಗಿದ್ದರೆ ಆರ್‌ಓ ನೀರು ಬೆರೆಸಿಕೊಳ್ಳಿ.

ಇನ್ನು ಡ್ರೈ ಹಾಪಿಂಗ್, ಅಂದರೆ ಕುದಿಸದೆ ಹುದುಗುವ ಬಿಯರ್‌ಗೇ ಹಾಪ್ಸ್ ಹಾಕುವುದು. 20 ಲೀಟರ್‌ಗೆ ನಾನು 100ರಿಂದ 120 ಗ್ರಾಂ ಪೆಲೆಟ್ (ಹಾಪ್ಸ್ ಪುಡಿ ಒತ್ತಿ ಮಾಡಿದ ಗುಳಿಗೆ) ಹಾಕುತ್ತೇನೆ. ಒರೆಗಾನ್ ಸ್ಟೇಟ್ ಯೂನಿವರ್ಸಿಟಿಯವರು ಕ್ಯಾಸ್ಕೇಡ್ ಹಾಪ್ಸ್ ಇಟ್ಟುಕೊಂಡು ಮಾಡಿದ ಪರೀಕ್ಷೆಯಲ್ಲಿ, ಲೀಟರ್‌ಗೆ 8 ಗ್ರಾಂ ದಾಟಿದ ಮೇಲೆ ಹಾಕಿದಷ್ಟು ಘಮ ಏರಲಿಲ್ಲ. ಅದರ ಅರ್ಧ ದಾಟಿದರೆ ನನ್ನ ಮೂಗಿಗೆ ಸಾಕು. ಎರಡು ಮೂರು ದಿನದಲ್ಲಿ ಎಣ್ಣೆ ಇಳಿದಿರುತ್ತದೆ. ವಾರಗಟ್ಟಲೆ ಬಿಟ್ಟರೆ ಹುಲ್ಲಿನ ವಾಸನೆ ಸೇರಿಕೊಳ್ಳುತ್ತದೆ. ಎಸ್‌ಪಿ ರೋಡ್‌ನಲ್ಲಿ ಸಿಗುವ ಟೆಂಪರೇಚರ್ ಕಂಟ್ರೋಲರ್ ಹಾಕಿದ ಹಳೇ ಫ್ರಿಜ್‌ನಲ್ಲಿ ಇದೆಲ್ಲ 18 ಡಿಗ್ರಿಯಲ್ಲಿ ನಡೆಯುತ್ತದೆ. ಬೇಸಿಗೆಯಲ್ಲಿ ಫ್ರಿಜ್ ಇಲ್ಲದೆ ಐಪಿಎ ಮಾಡುವುದನ್ನು ನಾನು ಯಾರಿಗೂ ಹೇಳುವುದಿಲ್ಲ. ಗೋಧಿ ಬಿಯರ್ ಮಾಡಿ, ಸುಖವಾಗಿರಿ.

ಒಂದು ಎಚ್ಚರಿಕೆ. ಹಾಪ್ಸ್‌ನಲ್ಲೂ ಎಂಜೈಮ್ ಇರುತ್ತದೆ. ಅದು ಯೀಸ್ಟ್ ತಿನ್ನಲಾರದೆ ಉಳಿದ ಡೆಕ್ಸ್‌ಟ್ರಿನ್ ಒಡೆದು ಸಕ್ಕರೆ ಮಾಡುತ್ತದೆ, ಯೀಸ್ಟ್ ಮತ್ತೆ ಕೆಲಸ ಶುರು ಮಾಡುತ್ತದೆ. ಆಗ ಬೆಣ್ಣೆ ವಾಸನೆ ಬಂದರೆ ತಣ್ಣಗೆ ಮಾಡಬೇಡಿ, ಯೀಸ್ಟ್‌ಗೇ ಬಿಡಿ, ಅದೇ ಸರಿಮಾಡುತ್ತದೆ.

ಎಲ್ಲಕ್ಕಿಂತ ದೊಡ್ಡ ಶತ್ರು ಗಾಳಿ. ಸಿಟ್ರಾ, ಮೊಸಾಯಿಕ್‌ನಂಥ ಒಳ್ಳೆ ಹಾಪ್ಸ್ ಹಾಕಿ ಕೊನೆಯಲ್ಲಿ ಪೈಪಿಂದ ಗಳಗಳ ಅಂತ ಸುರಿದರೆ, ಕೆಲವೇ ದಿನದಲ್ಲಿ ಬಣ್ಣ ಕಂದಾಗಿ ಒದ್ದೆ ರಟ್ಟಿನ ವಾಸನೆ ಹೊಡೆಯುತ್ತದೆ. ಅದಕ್ಕೇ ಹುದುಗು ಪೂರ್ತಿ ಮುಗಿಯುವ ಸ್ವಲ್ಪ ಮೊದಲೇ ಡ್ರೈ ಹಾಪ್ಸ್ ಹಾಕುತ್ತೇನೆ. ಜೊತೆಗೆ ಹೋದ ಗಾಳಿಯ ಆಕ್ಸಿಜನ್ ಯೀಸ್ಟ್ ಬಳಸಿಕೊಳ್ಳುತ್ತದೆ. ಫರ್ಮೆಂಟರ್ (ಹುದುಗಿಸುವ ಪಾತ್ರೆ) ತಣ್ಣಗಾಗುವಾಗ ಏರ್‌ಲಾಕ್ (ಗ್ಯಾಸ್ ಹೊರಬಿಡುವ ನಳಿಕೆ) ಮೂಲಕ ಹೊರಗಿನ ಗಾಳಿ ಎಳೆದುಕೊಳ್ಳುತ್ತದೆ, ಅಲ್ಲಿ ಕಾರ್ಬನ್ ಡೈಆಕ್ಸೈಡ್ ತುಂಬಿದ ಬಲೂನ್ ಕಟ್ಟುತ್ತೇನೆ. ಕೆಗ್‌ಗೆ (ಬಿಯರ್ ತುಂಬಿಡುವ ಲೋಹದ ಡಬ್ಬ) ಸ್ಯಾನಿಟೈಸರ್ ನೀರು ಅಂಚಿನ ತನಕ ತುಂಬಿ, ಆ ನೀರನ್ನು ಕಾರ್ಬನ್ ಡೈಆಕ್ಸೈಡ್ ಗ್ಯಾಸ್‌ನಿಂದಲೇ ಹೊರಗೆ ತಳ್ಳುತ್ತೇನೆ. ಒಳಗೆ ಗಾಳಿಗೆ ಜಾಗವೇ ಇರುವುದಿಲ್ಲ. ಆಮೇಲೆ ಮುಚ್ಚಳ ತೆಗೆಯದೆ ಪೈಪಿನಲ್ಲೇ ಬಿಯರ್ ಇಳಿಸುತ್ತೇನೆ. ಸಿಲಿಂಡರ್, ಕೆಗ್‌ಗೆ ದುಡ್ಡು ಬೇಕು ನಿಜ. ಹಾಪ್ಸ್‌ಗೆ ಸುರಿಯುವ ದುಡ್ಡು ಒಂದು ಸಲ ಇಲ್ಲಿ ಹಾಕಿ ನೋಡಿ. ಬಾಟಲಿಯಲ್ಲೇ ತುಂಬುವವರು ಮೇಲೆ ಜಾಗ ಕಮ್ಮಿ ಬಿಡಿ, ಗ್ಯಾಸ್ ಹಿಡಿದ ತಕ್ಷಣ ಫ್ರಿಜ್‌ಗೆ ಹಾಕಿ.

ಕೊಳ್ಳುವಾಗ ಬೆಳೆ ತೆಗೆದ ವರ್ಷ ಕೇಳಿ, ವ್ಯಾಕ್ಯೂಮ್ ಪ್ಯಾಕ್ ಮಾತ್ರ ತಗೊಳ್ಳಿ. ಮನೆಗೆ ಬಂದ ಕೂಡಲೇ ಫ್ರೀಜರ್‌ಗೆ ಹಾಕಿ. ಒಡೆದ ಪ್ಯಾಕೆಟ್ ಹಳೇ ಚೀಸ್ ಥರ ನಾರಿದರೆ ಘಮಕ್ಕೆ ಅದು ಬರುವುದಿಲ್ಲ, ಯೋಚಿಸದೆ ಎಸೆಯಿರಿ.

ಕುಡಿಯುವಾಗ ಫ್ರಿಜ್‌ನಿಂದ ತೆಗೆದು ಹತ್ತು ನಿಮಿಷ ಬಿಡಿ. 4 ಡಿಗ್ರಿಯ ಬಿಯರ್‌ನಲ್ಲಿ ಮೂಗಿಗೆ ಹೆಚ್ಚೇನೂ ಸಿಗುವುದಿಲ್ಲ. ಗ್ಲಾಸನ್ನೂ ಮುಕ್ಕಾಲು ಮಾತ್ರ ತುಂಬಿ.