ಯುದ್ಧ ಮುಗಿದ ದೇಶಕ್ಕೆ ಸಂವಿಧಾನ ಸಭೆ: ಶಾಲೆಯಲ್ಲಿ ಅಣಕು ಚುನಾವಣೆ ಹೇಗೆ?

ನವೆಂಬರ್ 26, ಸಂವಿಧಾನ ದಿನ. ಶಿರಸಿಯಿರಲಿ, ಕಾರವಾರವಿರಲಿ, ಶಾಲೆಗಳಲ್ಲಿ ಅಣಕು ಚುನಾವಣೆಯ ಗಡಿಬಿಡಿ ಇದ್ದದ್ದೇ. ಅಂತರ್ಯುದ್ಧ ಮುಗಿದ ಒಂದು ಕಾಲ್ಪನಿಕ ದೇಶ, ಅದಕ್ಕೆ ಸಂವಿಧಾನ ಬರೆಯುವವರನ್ನು ಆರಿಸಬೇಕು ಎಂದರೆ ಮಕ್ಕಳಿಗೆ ಹುರುಪು ಜಾಸ್ತಿ. ಆದರೆ ನಾನು ನೋಡಿದ ಕಡೆಯಲ್ಲೆಲ್ಲ ಆಟ ಕೆಡುವುದು ಕೊನೆಯಲ್ಲಿ. ಹೆಚ್ಚು ವೋಟು ಬಿದ್ದ ಪಕ್ಷ ಗೆದ್ದಿತು, ಚಪ್ಪಾಳೆ, ಮುಗಿಯಿತು! ನಿನ್ನೆವರೆಗೆ ಬಂದೂಕು ಹಿಡಿದವರಿಗೆ ಒಂದು ಕುರ್ಚಿಯೂ ಸಿಗದಿದ್ದರೆ ಅವರು ಮತ್ತೆ ಕಾಡಿಗೇ ಹೋಗುತ್ತಾರೆ, ಅಲ್ವಾ? ಅದಕ್ಕೇ ಬಿದ್ದ ವೋಟಿನ ಪ್ರಮಾಣದಲ್ಲಿ ಎಲ್ಲ ಪಕ್ಷಕ್ಕೂ ಕುರ್ಚಿ ಹಂಚುವ ಆಟ ಆಡಿಸಿ.

1. ದೇಶಕ್ಕೊಂದು ಹೆಸರಿಡಿ. ಪಕ್ಷಗಳು ನಾಲ್ಕು ಸಾಕು: ದೋಣಿ, ಅಡಿಕೆ, ಬಲೆ, ಕೊಡೆ.

2. ಮತದಾರರ ಪಟ್ಟಿ ಮಾಡಿ. ಕೆಲವು ಮಕ್ಕಳಿಗೆ ‘ಯುದ್ಧದಲ್ಲಿ ಊರು ಬಿಟ್ಟವರು, ಕಾಗದಪತ್ರ ಇಲ್ಲ’ ಎಂಬ ಚೀಟಿ ಕೊಡಿ. ಅವರು ಎಲ್ಲಿಯ ಮತದಾರರು? ಸೀಬರ್ಡ್ ನೌಕಾನೆಲೆಗೋ ಕದ್ರಾ ಅಣೆಕಟ್ಟಿಗೋ ಮನೆ ಬಿಟ್ಟ ಕುಟುಂಬದ ಮಕ್ಕಳು ತರಗತಿಯಲ್ಲಿದ್ದರೆ ಈ ಪ್ರಶ್ನೆಯನ್ನು ಬಿಡಿಸಿ ಹೇಳಬೇಕಿಲ್ಲ. ಇಡೀ ದೇಶವನ್ನೇ ಒಂದು ಕ್ಷೇತ್ರ ಮಾಡಿಬಿಡಿ, ಅರ್ಧ ಜಗಳ ಕಡಿಮೆ. ಪೂರ್ವ ತಿಮೋರ್ 2001ರಲ್ಲಿ ತನ್ನ ಸಂವಿಧಾನ ಸಭೆಯ 88 ಸ್ಥಾನಗಳ ಪೈಕಿ 75ಕ್ಕೆ ಹೀಗೇ ಮಾಡಿತ್ತು.

3. ಪ್ರತಿ ಪಕ್ಷವೂ ಅಭ್ಯರ್ಥಿಗಳ ಹೆಸರನ್ನು ಕ್ರಮವಾಗಿ ಬರೆದು ಮೊದಲೇ ಕೊಡಬೇಕು. ಎಷ್ಟು ಸ್ಥಾನ ಸಿಕ್ಕಿತೋ ಮೇಲಿನಿಂದ ಅಷ್ಟು ಜನ ಆಯ್ಕೆ. ಒಬ್ಬ ಹುಡುಗ, ಒಬ್ಬಳು ಹುಡುಗಿ ಎಂದೇ ಪಟ್ಟಿ ಸಾಗಲಿ. ಇಲ್ಲದಿದ್ದರೆ ಹುಡುಗಿಯರೆಲ್ಲ ಪಟ್ಟಿಯ ಬುಡಕ್ಕೆ ಹೋಗುತ್ತಾರೆ.

4. ಮತದಾನಕ್ಕೆ ಕಾಗದದ ಚೀಟಿಯೇ ಇರಲಿ. ಫೋನಿನ ‘ವೋಟಿಂಗ್ ಮಷಿನ್’ ಆ್ಯಪ್ ಬೇಡ. ಮರುಎಣಿಕೆ ಕೇಳಿದರೆ ತೋರಿಸಲು ಏನೂ ಇರುವುದಿಲ್ಲ. ಬೆರಳಿಗೆ ಹಚ್ಚುವ ಮೈಸೂರಿನ ಕಾರ್ಖಾನೆಯ ಅಸಲಿ ಶಾಯಿ ಅಂಗಡಿಯಲ್ಲಿ ಸಿಗುವುದಿಲ್ಲ. ಮಾರ್ಕರ್ ಪೆನ್ನಿನ ಗುರುತು ಸ್ಯಾನಿಟೈಸರ್ ತಾಗಿದರೆ ಹೋಗುತ್ತದೆ. ಹಾಗಂತ ಗೇರು ಸೊನೆ ಹಚ್ಚುವ ಜಾಣತನ ಬೇಡವೇ ಬೇಡ, ಚರ್ಮ ಸುಟ್ಟು ಬೊಬ್ಬೆ ಬರುತ್ತದೆ. ಮತದಾರರ ಪಟ್ಟಿಯಲ್ಲಿ ಸಹಿ ಹಾಕಿಸಿಕೊಳ್ಳಿ, ಸಾಕು.

5. ಸ್ಥಾನ ಹಂಚಿಕೆ. ಇಲ್ಲಿ ನಿಧಾನ ಮಾಡಿ. 300 ವೋಟು, 20 ಸ್ಥಾನ ಎಂದುಕೊಳ್ಳಿ. ದೋಣಿಗೆ 130, ಅಡಿಕೆಗೆ 84, ಬಲೆಗೆ 56, ಕೊಡೆಗೆ 30. 300ನ್ನು 20ರಿಂದ ಭಾಗಿಸಿದರೆ 15. ಅಂದರೆ 15 ವೋಟಿಗೆ ಒಂದು ಕುರ್ಚಿ.

ಈಗ ಪ್ರತಿ ಪಕ್ಷದ ವೋಟನ್ನು 15ರಿಂದ ಭಾಗಿಸಿ, ಶೇಷವನ್ನು ಪಕ್ಕದಲ್ಲಿ ಬರೆಯಿರಿ. ದೋಣಿಗೆ 8, ಶೇಷ 10. ಅಡಿಕೆಗೆ 5, ಶೇಷ 9. ಬಲೆಗೆ 3, ಶೇಷ 11. ಕೊಡೆಗೆ 2, ಶೇಷ ಸೊನ್ನೆ. ಒಟ್ಟು 18 ಆಯಿತು, ಎರಡು ಕುರ್ಚಿ ಉಳಿಯಿತು. ಅವು ದೊಡ್ಡ ಶೇಷ ಇದ್ದವರಿಗೆ: ಮೊದಲು ಬಲೆಗೆ, ಆಮೇಲೆ ದೋಣಿಗೆ. ಕೊನೆಯ ಲೆಕ್ಕ 9, 5, 4, 2.

ಎಡವುವುದು ಎಲ್ಲಿ ಗೊತ್ತಾ? ಕ್ಯಾಲ್ಕುಲೇಟರ್ ಒತ್ತಿ 8.67, 5.6, 3.73 ಎಂದು ತೆಗೆದು, ಎಲ್ಲವನ್ನೂ ಮೇಲಕ್ಕೆ ಏರಿಸಿಬಿಡುತ್ತಾರೆ. ಆಗ 9, 6, 4, 2. ಕೂಡಿ ನೋಡಿ, 21! ಇಲ್ಲದ ಕುರ್ಚಿಯೊಂದು ಹುಟ್ಟಿತು. ಆಮೇಲೆ ಯಾರನ್ನು ಎಬ್ಬಿಸುತ್ತೀರಿ? ಉಳಿದದ್ದನ್ನು ದೊಡ್ಡ ಪಕ್ಷಕ್ಕೇ ಕೊಟ್ಟು ಕೈತೊಳೆದುಕೊಳ್ಳುವವರೂ ಇದ್ದಾರೆ. ಅದಂತೂ ಸುಮ್ನೆ ಮೋಸ. ಶೇಷ ಸಮ ಬಂದರೆ ಏನು ಮಾಡುವುದು ಎಂಬುದನ್ನು ವೋಟಿಗೆ ಮೊದಲೇ ಗೋಡೆಗೆ ಅಂಟಿಸಿ. ಚೀಟಿ ಎತ್ತುವುದೇ ಸುಲಭ.

6. ಸಂವಿಧಾನ ಪಾಸಾಗಲು ಮೂರನೇ ಎರಡು ಬಹುಮತ ಬೇಕೆಂದು ಇಡಿ. 20ರಲ್ಲಿ 14. ದೋಣಿ, ಬಲೆ ಸೇರಿದರೂ 13! ಕೊಡೆಯ ಇಬ್ಬರ ಬಾಗಿಲು ತಟ್ಟಬೇಕು, ಇಲ್ಲವೇ ಅಡಿಕೆಯವರ ಜೊತೆ ಕೂರಬೇಕು. 1989ರಲ್ಲಿ ನಮೀಬಿಯಾದ ಸಂವಿಧಾನ ಸಭೆಯ ಚುನಾವಣೆಯಲ್ಲಿ ಸ್ವಾಪೊ ಪಕ್ಷಕ್ಕೆ 72ರಲ್ಲಿ 41 ಸಿಕ್ಕಿತ್ತು. ಬೇಕಿದ್ದದ್ದು 48. ಗೆದ್ದವರೂ ಎದುರಿನವರ ಜೊತೆ ಮಾತಾಡಲೇಬೇಕಾಯಿತು.

ಈ ಮಾತುಕತೆಗೆ ಕನಿಷ್ಠ ಎರಡು ಪೀರಿಯಡ್ ಬಿಡಿ. ಎಣಿಸಿದ ಚೀಟಿಗಳನ್ನು ಪಕ್ಷವಾರು ಕಟ್ಟಿ ಬೀರುವಿನಲ್ಲಿಡಿ. ಮರುಎಣಿಕೆ ಕೇಳುವವರು ಮರುದಿನ ಬಂದೇ ಬರುತ್ತಾರೆ, ಕೆಲವೊಮ್ಮೆ ಪಾಲಕರನ್ನೂ ಕರೆದುಕೊಂಡು.